ಹೊರಡುವ ಮುನ್ನ ವಿಮಾನದ ಎಂಜಿನ್‌ಗೆ ಎಷ್ಟು ಹೊತ್ತು ಬೇಕು?

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರಿನಿಂದ ದೆಹಲಿಗೆ ಆಗಾಗ ಹೋಗಿಬರುತ್ತೇನೆ. ವಿಮಾನವನ್ನು ಗೇಟಿನಿಂದ ಹಿಂದಕ್ಕೆ ತಳ್ಳಿದ ಮೇಲೆ ಕೆಲವು ಸಲ ಎರಡು ಮೂರು ನಿಮಿಷದಲ್ಲಿ ಹೊರಟುಬಿಡುತ್ತದೆ. ಕೆಲವು ಸಲ ಐದಾರು ನಿಮಿಷ ಅಲ್ಲೇ ನಿಂತಿರುತ್ತದೆ. ಹೊಸ ವಿಮಾನಗಳಲ್ಲೇ ಈ ತಡ ಹೆಚ್ಚು ಅನ್ನಿಸುತ್ತದೆ. ಕಾರು ಒಂದು ಸೆಕೆಂಡಿಗೆ ಸ್ಟಾರ್ಟ್ ಆಗುವಾಗ ಜೆಟ್ ಎಂಜಿನ್‌ಗೆ ಇಷ್ಟು ಹೊತ್ತು ಏಕೆ? ಬಿಸಿಯಾಗಲಿ ಎಂದು ನಿಲ್ಲಿಸಿಕೊಂಡಿರುತ್ತಾರೆಯೇ? ಹೊಸ ಎಂಜಿನ್ ಹಳೆಯದಕ್ಕಿಂತ ನಿಧಾನವಾಗುವುದು ಹೇಗೆ ಸಾಧ್ಯ?

ಉತ್ತರ: ನೀವು ಗಮನಿಸಿರುವುದು ಸರಿಯಾಗಿಯೇ ಇದೆ. ಕನ್ನಡದಲ್ಲಿ ‘ಕಾಯುವುದು’ ಎಂದರೆ ದಾರಿ ನೋಡುವುದೂ ಹೌದು, ಬಿಸಿಯಾಗುವುದೂ ಹೌದು. ಜೆಟ್ ಎಂಜಿನ್ ವಿಷಯದಲ್ಲಿ ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಗೇಟಿನ ಹತ್ತಿರ ವಿಮಾನ ನಿಂತಿರುವಾಗ ನೀವು ಕಾಯುತ್ತಿರುವುದು ಬಹುಪಾಲು ಎಂಜಿನ್ ಶುರುವಾಗಲಿ ಎಂದು. ಎಂಜಿನ್ ಕಾಯುವ ಕೆಲಸ ವಿಮಾನ ರನ್‌ವೇ ಕಡೆಗೆ ಉರುಳುತ್ತಿರುವಾಗ, ನಿಮಗೆ ಗೊತ್ತೇ ಆಗದಂತೆ ನಡೆದುಹೋಗುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಹಳೆಯ ಪೀಳಿಗೆಯ ಎ320 ಮತ್ತು ಬೋಯಿಂಗ್ 737ಗಳಲ್ಲಿರುವ ಸಿಎಫ್‌ಎಂ56 ಎಂಜಿನ್ ಒಂದೊಂದೂ ಸುಮಾರು ಒಂದು ನಿಮಿಷದಲ್ಲಿ ಸ್ವಂತ ಬಲದಿಂದ ಓಡುವ ಕನಿಷ್ಠ ವೇಗಕ್ಕೆ, ಅಂದರೆ ಐಡಲ್‌ಗೆ, ಬಂದು ನಿಲ್ಲುತ್ತದೆ. ಎ320ನಿಯೋ, 737 ಮ್ಯಾಕ್ಸ್‌ಗಳ ಹೊಸ ಎಂಜಿನ್‌ಗಳಿಗೆ ಒಂದೂವರೆಯಿಂದ ಎರಡು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಕಾಯಿಸುವ ಹೊತ್ತು ಎಂಜಿನ್ ಮಾದರಿಗೆ ತಕ್ಕಂತೆ ಎರಡರಿಂದ ಐದು ನಿಮಿಷ. ಹೊಸ ಎಂಜಿನ್ ನಿಧಾನವಾಗಲು ಕಾರಣ ಅದರೊಳಗೆ ತಿರುಗುವ ಭಾಗ, ಅಂದರೆ ರೋಟರ್, ಬಾಗುವುದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಅಲ್ಲೇ ಇದೆ.

ಮೊದಲು ಕಾರಿನ ಮಾತು. ಕಾರಿನ ಎಂಜಿನ್‌ನಲ್ಲಿ ಪಿಸ್ಟನ್ ಒಂದೆರಡು ಸಲ ಮೇಲೆ ಕೆಳಗೆ ಓಡಿ ಗಾಳಿಯನ್ನು ಒತ್ತಿದರೆ ಸಾಕು, ಮೊದಲ ಕಿಡಿಗೇ ಸಿಲಿಂಡರ್ ಉರಿದು ಎಂಜಿನ್ ತಾನೇ ಓಡುತ್ತದೆ. ಜೆಟ್ ಎಂಜಿನ್‌ನಲ್ಲಿ ಗಾಳಿಯನ್ನು ಒತ್ತುವುದು ತಿರುಗುವ ಕಂಪ್ರೆಸರ್. ಅದು ನಿಧಾನವಾಗಿ ತಿರುಗುವಾಗ ಗಾಳಿ ಒತ್ತಿಕೊಳ್ಳುವುದೇ ಇಲ್ಲ. ಆಗ ಇಂಧನ ಬಿಟ್ಟರೆ ಊದುಗೊಳವೆ ಹಿಡಿಯದೆ ಒಲೆಗೆ ಸೌದೆ ತುರುಕಿದಂತೆ: ಉರಿಯಿಂದ ಕೆಲಸವಾಗುವುದಿಲ್ಲ, ಒಳಗೆಲ್ಲ ಸುಡುವ ಶಾಖ ಮಾತ್ರ ತುಂಬಿಕೊಳ್ಳುತ್ತದೆ. ಹೀಗಾಗಿ ಹೊರಗಿನ ಶಕ್ತಿಯೊಂದು ಆ ಭಾರವಾದ ರೋಟರನ್ನು ನಿಮಿಷಕ್ಕೆ ಸಾವಿರಾರು ಸುತ್ತಿನವರೆಗೆ ಎತ್ತಿಕೊಡಬೇಕು. ಬೆಂಕಿ ಹತ್ತಿದ ಮೇಲೂ ಅದು ಕೈಬಿಡುವಂತಿಲ್ಲ. ಎಂಜಿನ್ ಸ್ವಂತ ಬಲದಿಂದ ವೇಗ ಹಿಡಿಯುವವರೆಗೂ ಜೊತೆಯಲ್ಲಿ ಎಳೆಯುತ್ತಲೇ ಇರಬೇಕು.

ಈ ಶಕ್ತಿ ಬಹುತೇಕ ವಿಮಾನಗಳಲ್ಲಿ ಗಾಳಿಯ ರೂಪದಲ್ಲಿ ಬರುತ್ತದೆ. ವಿಮಾನದ ಬಾಲದ ತುದಿಯಲ್ಲಿ ಎಪಿಯು ಎಂಬ ಪುಟ್ಟ ಟರ್ಬೈನ್ ಇರುತ್ತದೆ. ಅದು ಒತ್ತಿಕೊಟ್ಟ ಬಿಸಿಗಾಳಿ ಕೊಳವೆಗಳಲ್ಲಿ ಸಾಗಿ ಎಂಜಿನ್‌ನ ಸ್ಟಾರ್ಟರ್ ಟರ್ಬೈನನ್ನು ತಿರುಗಿಸುತ್ತದೆ. ಸ್ಟಾರ್ಟರ್ ಗೇರ್‌ಬಾಕ್ಸ್ ಮೂಲಕ ಒಳಗಿನ ಅಧಿಕ ಒತ್ತಡದ ರೋಟರನ್ನು ತಿರುಗಿಸುತ್ತದೆ. ಈ ಒಳರೋಟರಿನ ವೇಗವನ್ನು ಎನ್2 ಎನ್ನುತ್ತಾರೆ. ಮುಂದೆ ಕಾಣುವ ದೊಡ್ಡ ಫ್ಯಾನಿನ ವೇಗ ಎನ್1. ಫ್ಯಾನಿಗೂ ಸ್ಟಾರ್ಟರಿಗೂ ಯಾಂತ್ರಿಕ ಸಂಬಂಧವೇ ಇಲ್ಲ. ಒಳಗೆ ಹರಿಯುವ ಗಾಳಿಯಿಂದಲೇ ಅದು ನಿಧಾನಕ್ಕೆ ಸುತ್ತತೊಡಗುತ್ತದೆ.

ಎಪಿಯು ಕೊಡುವ ಗಾಳಿ ಒಂದು ಸ್ಟಾರ್ಟರಿಗೆ ಮಾತ್ರ ಸಾಲುವಷ್ಟು. ಆದ್ದರಿಂದ ಎ320, 737ಗಳಲ್ಲಿ ಎಂಜಿನ್‌ಗಳನ್ನು ಒಂದಾದ ಮೇಲೊಂದು ಶುರುಮಾಡುತ್ತಾರೆ. ಅದೇ ಕಾರಣಕ್ಕೆ ಎಸಿಗೆ ಹೋಗುವ ಗಾಳಿಯನ್ನೂ ಆ ಹೊತ್ತಿಗೆ ನಿಲ್ಲಿಸಬೇಕಾಗುತ್ತದೆ. ತಲೆಯ ಮೇಲಿನ ಗಾಳಿಕಿಂಡಿ ಇದ್ದಕ್ಕಿದ್ದಂತೆ ಸುಮ್ಮನಾಗಿ ಕ್ಯಾಬಿನ್ನಿನಲ್ಲಿ ಒಂದು ಬಗೆಯ ನಿಶ್ಶಬ್ದ ಕವಿಯುತ್ತದಲ್ಲ, ಎಂಜಿನ್ ಶುರುವಾಗುತ್ತಿದೆ ಎಂಬುದಕ್ಕೆ ಅದೇ ಮೊದಲ ಗುರುತು. ಬೇಸಿಗೆಯ ಮಧ್ಯಾಹ್ನ ಈ ಕೆಲವು ನಿಮಿಷ ಒಳಗೆ ಸೆಕೆಯಾಗುವುದೂ ಇದರಿಂದಲೇ.

ಗಾಳಿಯ ಒತ್ತಡಕ್ಕೆ ಲೆಕ್ಕ ಇದೆ. 737ರಲ್ಲಿ ಸ್ಟಾರ್ಟ್ ಮಾಡುವ ಮುನ್ನ ಕೊಳವೆಯಲ್ಲಿ ಸಮುದ್ರಮಟ್ಟಕ್ಕೆ ಕನಿಷ್ಠ 30 ಪಿಎಸ್ಐ ಇರಬೇಕು. ಎತ್ತರ ಸಾವಿರ ಅಡಿ ಹೆಚ್ಚಿದಂತೆ ಅರ್ಧ ಪಿಎಸ್ಐ ಕಡಿಮೆಯಿದ್ದರೂ ನಡೆಯುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 28.5 ಸಾಕು. ಸುಮಾರು 10,700 ಅಡಿ ಎತ್ತರದ ಲೇಹ್‌ನಲ್ಲಿ 24.7ರ ಆಸುಪಾಸು. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಎಂಜಿನ್ ತಿರುಗಿಸುವ ಹೊರೆಯೂ ಇಳಿಯುತ್ತದೆ, ಆದರೆ ಎಪಿಯು ಕೊಡುವ ಬಲವೂ ಇಳಿಯುತ್ತದೆ. ಹಳತಾಗಿ ದಣಿದ ಎಪಿಯು ಇದ್ದರೆ ಇಂಥ ಕಡೆ ಎನ್2 ಏರಲು ಒದ್ದಾಡುವುದು ಕಾಣುತ್ತದೆ.

ಎಪಿಯು ಪೂರ್ತಿ ಕೆಟ್ಟಿದ್ದರೆ ಗೇಟಿನಲ್ಲೇ ಹೊರಗಿನ ಗಾಳಿಯಂತ್ರದ ಗಾಡಿ ತಂದು ಒಂದು ಎಂಜಿನ್ ಶುರುಮಾಡುತ್ತಾರೆ. ಆಮೇಲೆ ಗಾಡಿಯನ್ನು ಬಿಡಿಸಿ, ವಿಮಾನವನ್ನು ಹಿಂದಕ್ಕೆ ತಳ್ಳಿ, ಹಿಂಭಾಗದಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಓಡುತ್ತಿರುವ ಎಂಜಿನ್‌ನ ವೇಗ ಸ್ವಲ್ಪ ಏರಿಸಿ ಅದರ ಗಾಳಿಯಿಂದ ಎರಡನೆಯದನ್ನು ಎಬ್ಬಿಸುತ್ತಾರೆ. ಇಷ್ಟೆಲ್ಲ ಆಗುವಾಗ ಹತ್ತು ನಿಮಿಷ ಹೋದರೆ ಆಶ್ಚರ್ಯವಿಲ್ಲ. ನೀವು ಕಂಡ ತಡಗಳಲ್ಲಿ ಇದೂ ಕೆಲವು ಇದ್ದೀತು.

ಈಗ ಆ ಒಂದು ನಿಮಿಷದೊಳಗೆ ಏನಾಗುತ್ತದೆ ನೋಡೋಣ. ಸಿಎಫ್‌ಎಂ56-5ಬಿ ಎಂಜಿನ್ ಇರುವ ಎ320ರಲ್ಲಿ ಪೈಲಟ್ ಮಾಡುವುದು ಎರಡೇ ಕೆಲಸ: ಮೋಡ್ ಸ್ವಿಚ್ಚನ್ನು ಸ್ಟಾರ್ಟ್‌ಗೆ ತಿರುಗಿಸಿ, ಎಂಜಿನ್‌ನ ಮಾಸ್ಟರ್ ಸ್ವಿಚ್ ಆನ್ ಮಾಡುವುದು. ಸಾಮಾನ್ಯವಾಗಿ ಎರಡನೇ ಎಂಜಿನ್, ಅಂದರೆ ಬಲಗಡೆಯದು, ಮೊದಲು. ಪಾರ್ಕಿಂಗ್ ಬ್ರೇಕಿಗೆ ಒತ್ತಡ ಕೊಡುವ ಹೈಡ್ರಾಲಿಕ್ ವ್ಯವಸ್ಥೆ ಅದರಿಂದ ನಡೆಯುತ್ತದೆ. ಅಲ್ಲಿಂದ ಮುಂದಿನದನ್ನು ಎಂಜಿನ್‌ನ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಸ್ಟಾರ್ಟ್ ವಾಲ್ವ್ ತೆರೆದು ಎನ್2 ಏರತೊಡಗುತ್ತದೆ. ಶೇ 16ಕ್ಕೆ ಕಿಡಿ ಹಾರಲು ಶುರು. ಶೇ 22ಕ್ಕೆ ಇಂಧನ. ಮೊದಲು ಕಿಡಿ, ಆಮೇಲೆ ಇಂಧನ ಎಂಬ ಕ್ರಮ ಬೇಕೆಂದೇ ಇಟ್ಟದ್ದು: ಇಂಧನ ಬಂದ ತಕ್ಷಣ ಹತ್ತಿಕೊಳ್ಳಬೇಕು, ಒಳಗೆ ಮಡುಗಟ್ಟಿ ಆಮೇಲೆ ಭಗ್ಗೆನ್ನಬಾರದು. ಇಂಧನ ಹರಿದ 15 ಸೆಕೆಂಡಿನೊಳಗೆ ಹೊರಬರುವ ಅನಿಲದ ಉಷ್ಣಾಂಶ, ಪೈಲಟ್‌ಗಳ ಮಾತಿನಲ್ಲಿ ಇಜಿಟಿ, ಏರಲೇಬೇಕು. ಎನ್2 ಶೇ 50 ಮುಟ್ಟಿದಾಗ ಸ್ಟಾರ್ಟ್ ವಾಲ್ವ್ ಮುಚ್ಚಿ ಕಿಡಿಯೂ ನಿಲ್ಲುತ್ತದೆ. ಈ ಎಂಜಿನ್‌ನಲ್ಲಿ ಶೇ 100 ಎಂದರೆ ನಿಮಿಷಕ್ಕೆ 14,460 ಸುತ್ತು. ಅಂದಮೇಲೆ ಸ್ಟಾರ್ಟರ್ ಕೈಬಿಡುವುದು 7,200 ಸುತ್ತು ದಾಟಿದ ಮೇಲೆ! ಆಮೇಲೆ ಎಂಜಿನ್ ತನ್ನಷ್ಟಕ್ಕೆ ಏರಿ ಎನ್1 ಸುಮಾರು ಶೇ 19.5, ಎನ್2 ಸುಮಾರು ಶೇ 58.5, ಇಜಿಟಿ 390 ಡಿಗ್ರಿ, ಇಂಧನ ಗಂಟೆಗೆ 275 ಕಿಲೋದ ಹತ್ತಿರ ಬಂದು ನಿಲ್ಲುತ್ತದೆ.

737ರಲ್ಲಿ ಪೈಲಟ್‌ನ ಕೈಗೆ ಹೆಚ್ಚು ಕೆಲಸ. ಸ್ಟಾರ್ಟ್ ಸ್ವಿಚ್ ತಿರುಗಿಸಿ, ಎನ್2 ಶೇ 25 ಮುಟ್ಟಿದಾಗ ಇಂಧನದ ಸನ್ನೆಯನ್ನು ತಾವೇ ಎತ್ತಬೇಕು. ಅಷ್ಟು ಏರದಿದ್ದರೆ ಏರಬಹುದಾದಷ್ಟು ಏರಲು ಬಿಟ್ಟು ಎತ್ತಬಹುದು, ಆದರೆ ಶೇ 20ಕ್ಕಿಂತ ಕೆಳಗೆ ಮಾತ್ರ ಇಲ್ಲ. ಶೇ 56ಕ್ಕೆ ಸ್ವಿಚ್ ತಾನೇ ಟಕ್ಕೆಂದು ಹಿಂದಕ್ಕೆ ಹಾರುತ್ತದೆ. ಅಷ್ಟರವರೆಗೆ ಸನ್ನೆಯ ಹತ್ತಿರ ಕೈ ಇಟ್ಟುಕೊಂಡೇ ಇರುವುದು ಒಳ್ಳೆಯ ಅಭ್ಯಾಸ.

ಕೈ ಅಲ್ಲೇ ಇರಬೇಕು ಏಕೆಂದರೆ, ಎಂಜಿನ್‌ಗೆ ಹೊರೆ ಅತ್ಯಂತ ಕಡಿಮೆ ಇರುವ ಈ ಹೊತ್ತೇ ಅದರ ಟರ್ಬೈನ್ ಸುಟ್ಟುಹೋಗಲು ಅತ್ಯಂತ ಸುಲಭದ ಹೊತ್ತು. ಸಿಎಫ್‌ಎಂ56-7ಬಿ ಎಂಜಿನ್‌ಗೆ ಟೇಕಾಫ್‌ನಲ್ಲಿ ಇಜಿಟಿ ಮಿತಿ 950 ಡಿಗ್ರಿ, ಸ್ಟಾರ್ಟ್ ಮಾಡುವಾಗ 725 ಮಾತ್ರ. ಟೇಕಾಫ್‌ನಲ್ಲಿ ಬ್ಲೇಡುಗಳ ಒಳಗಿನ ಸೂಕ್ಷ್ಮ ಕಿಂಡಿಗಳಲ್ಲಿ ತಂಪುಗಾಳಿ ರಭಸದಿಂದ ಹರಿಯುತ್ತಿರುತ್ತದೆ. ಸ್ಟಾರ್ಟ್‌ನಲ್ಲಿ ಆ ಗಾಳಿ ಇನ್ನೂ ಹುಟ್ಟೇ ಇರುವುದಿಲ್ಲ.

ಸಾಮಾನ್ಯವಾಗಿ ಕೈಕೊಡುವ ಬಗೆಗಳು ನಾಲ್ಕೈದು ಇವೆ. ಇಜಿಟಿ ದಡದಡನೆ ಮಿತಿಯ ಕಡೆಗೆ ಓಡುವುದು ‘ಹಾಟ್ ಸ್ಟಾರ್ಟ್’. ಗಾಳಿಯ ಒತ್ತಡ ಸಾಲದೆ ಎನ್2 ಕೆಳಗಿರುವಾಗಲೇ ಇಂಧನ ಬಿಟ್ಟದ್ದು ಅಥವಾ ಬಾಲದ ಕಡೆಯಿಂದ ಬಿರುಸಾದ ಗಾಳಿ ಬೀಸುತ್ತಿರುವುದು ಇದಕ್ಕೆ ಕಾರಣವಾಗಬಹುದು. ಹಿಂಗಾಳಿ ಫ್ಯಾನನ್ನು ಹಿಮ್ಮುಖವಾಗಿ ತಿರುಗಿಸುವುದೂ ಉಂಟು. ಆಗ ಒಳಗೆ ಹರಿಯುವ ಗಾಳಿ ಮೊದಲು ಅದನ್ನು ನಿಲ್ಲಿಸಿ ಆಮೇಲೆ ಸರಿದಿಕ್ಕಿಗೆ ತರಬೇಕು, ಹೀಗಾಗಿ ಎನ್1 ತಡವಾಗಿ ಏಳುತ್ತದೆ. ಬೆಂಕಿ ಹತ್ತಿದರೂ ವೇಗ ಒಂದು ಮಟ್ಟದಲ್ಲೇ ತೂಗಾಡುತ್ತ ಐಡಲ್‌ಗೆ ಏರದಿದ್ದರೆ ಅದು ‘ಹಂಗ್ ಸ್ಟಾರ್ಟ್’. ಸ್ಟಾರ್ಟರ್ ಬೇಗ ಕಳಚಿಕೊಂಡಿರಬಹುದು, ಕಂಪ್ರೆಸರ್ ಕೊಳೆ ಹಿಡಿದಿರಬಹುದು. ಇಂಧನ ಹರಿದರೂ ಇಜಿಟಿ ಅಲುಗದಿದ್ದರೆ ಕಿಡಿ ಹಾರುತ್ತಿಲ್ಲ. ಸಿಎಫ್‌ಎಂ56ಕ್ಕೆ ಕಿಡಿ ಹಾರಿಸುವ ಎರಡು ಇಗ್ನೈಟರ್ ಇರುತ್ತವೆ. ನೆಲದ ಮೇಲೆ ಒಂದು ಸಲ ಒಂದನ್ನು, ಮರುಸಲ ಇನ್ನೊಂದನ್ನು ಬಳಸುವುದು ರೂಢಿ, ಕೆಟ್ಟದ್ದು ಬಚ್ಚಿಟ್ಟುಕೊಳ್ಳದಿರಲಿ ಎಂದು. ಐಡಲ್‌ಗೆ ಬಂದರೂ ಆಯಿಲ್ ಒತ್ತಡ ತೋರದಿದ್ದರೆ ಎರಡನೇ ಯೋಚನೆಯಿಲ್ಲದೆ ಆರಿಸಬೇಕು.

ಯಾವ ಬಗೆಯೇ ಇರಲಿ, ಮೊದಲು ಇಂಧನ ನಿಲ್ಲಿಸಿ ಗಾಳಿಯನ್ನು ಮಾತ್ರ ಮುಂದುವರಿಸುತ್ತಾರೆ. ಎ320ರ ಕಂಪ್ಯೂಟರ್ ತಾನೇ ಸ್ಟಾರ್ಟ್ ನಿಲ್ಲಿಸಿದರೆ ಅರ್ಧ ನಿಮಿಷದಷ್ಟು ಹೊತ್ತು ಒಣದಾಗಿ ತಿರುಗಿಸಿ ಉಳಿದ ಇಂಧನವನ್ನು ಹೊರದೂಡುತ್ತದೆ. 737ರಲ್ಲಿ 60 ಸೆಕೆಂಡು ಹಾಗೆ ತಿರುಗಿಸುವುದು ಕ್ರಮ. ಉಳಿದ ಇಂಧನ ಹಿಂಭಾಗದಲ್ಲಿ ಉರಿದರೆ ಕಿಟಕಿಯಿಂದ ನೋಡಿದವರಿಗೆ ಎದೆ ಝಲ್ಲೆನ್ನುವಷ್ಟು ಜ್ವಾಲೆ ಕಾಣುತ್ತದೆ. ಆಗಲೂ ಮದ್ದು ಇದೇ, ಗಾಳಿಯಿಂದ ತಿರುಗಿಸುವುದು. ಇಲ್ಲಿ ಅವಸರಪಟ್ಟು ಬೆಂಕಿ ನಂದಿಸುವ ಗುಂಡಿ ಒತ್ತಬಾರದು. ನಂದಿಸುವ ಅನಿಲ ಎಂಜಿನ್‌ನ ಹೊರಗವಚದೊಳಗೆ ಹೋಗುತ್ತದೆ, ಉರಿಯುತ್ತಿರುವ ಅನಿಲಮಾರ್ಗಕ್ಕೆ ಹೋಗುವುದಿಲ್ಲ. ಎ320ರಲ್ಲಿ ಆ ಗುಂಡಿ ಒತ್ತಿದರೆ ಎಂಜಿನ್ ಕಂಪ್ಯೂಟರಿನ ವಿದ್ಯುತ್ ಹೋಗಿ ತಿರುಗಿಸುವ ದಾರಿಯೂ ಮುಚ್ಚುತ್ತದೆ.

ಸ್ಟಾರ್ಟ್ ವಾಲ್ವ್ ಅಂಟಿಕೊಂಡು ತೆರೆಯದಿರುವುದು ಇನ್ನೊಂದು ತೊಂದರೆ. ನೆಲದಲ್ಲಿರುವ ಎಂಜಿನಿಯರ್ ಕವಚದ ಪುಟ್ಟ ಕಿಂಡಿಯಿಂದ ಸಲಕರಣೆ ತೂರಿಸಿ, ಪೈಲಟ್ ಇಂಟರ್‌ಕಾಮ್‌ನಲ್ಲಿ ಹೇಳಿದಾಗ ವಾಲ್ವನ್ನು ಕೈಯಿಂದ ತೆರೆದು, ಹೇಳಿದಾಗ ಮುಚ್ಚುತ್ತಾರೆ. ಐಡಲ್‌ನಲ್ಲೇ 737ರ ಎಂಜಿನ್ ಬಾಯಿಯ ಮುಂದೆ ಸುಮಾರು ಮೂರು ಮೀಟರ್ ದೂರದವರೆಗೆ ಅಪಾಯದ ವಲಯ. ಆ ಕೆಲಸ ಮಾಡುವವರು ನಿಂತುಕೊಳ್ಳುವ ಜಾಗ, ಬರುವ ದಾರಿ, ಹೋಗುವ ದಾರಿ ಎಲ್ಲವೂ ಮೊದಲೇ ಗೊತ್ತುಮಾಡಿದ್ದಾಗಿರಬೇಕು. ಹತ್ತು ನಿಮಿಷ ತಡವಾಯಿತೆಂದು ನಾವು ಬೇಸರಪಡುವಾಗ, ಕೆಳಗೆ ಯಾರೋ ಇಷ್ಟು ಜೋಪಾನದಿಂದ ಕೆಲಸ ಮಾಡುತ್ತಿರುತ್ತಾರೆ. ಅವರನ್ನು ನೆನೆಯಬೇಕು.

ಇನ್ನು ರೋಟರ್ ಬಾಗುವ ವಿಷಯ.

ಹಾರಾಟ ಮುಗಿಸಿ ಎಂಜಿನ್ ಆರಿಸಿದಾಗ ಒಳಗೆಲ್ಲ ನೂರಾರು ಡಿಗ್ರಿ ಬಿಸಿ. ರೋಟರ್ ನಿಂತುಬಿಟ್ಟಿರುತ್ತದೆ. ಒಳಗಿನ ಬಿಸಿಗಾಳಿ ಮೇಲಕ್ಕೇರಿ ಮೇಲ್ಭಾಗದಲ್ಲಿ ತಂಗುತ್ತದೆ, ಕೆಳಭಾಗ ಬೇಗ ಆರುತ್ತದೆ. ಬಿಸಿಯಾದ ಮೇಲ್ಮಗ್ಗುಲು ಉದ್ದ, ತಣ್ಣಗಾದ ಕೆಳಮಗ್ಗುಲು ಗಿಡ್ಡ. ಹಾಗಾಗಿ ರೋಟರ್ ಕಣ್ಣಿಗೆ ಕಾಣದಷ್ಟು, ಆದರೆ ಎಂಜಿನ್‌ಗೆ ತಾಳಲಾರದಷ್ಟು, ಬಿಲ್ಲಿನಂತೆ ಮೇಲಕ್ಕೆ ಡೊಂಕಾಗುತ್ತದೆ. ಇದು ಶಾಶ್ವತ ಡೊಂಕಲ್ಲ. ಉಷ್ಣಾಂಶ ಎಲ್ಲ ಕಡೆ ಸಮವಾದರೆ ತಾನೇ ನೆಟ್ಟಗಾಗುತ್ತದೆ. ಆದರೆ ಡೊಂಕಾಗಿರುವಾಗಲೇ ಜೋರಾಗಿ ತಿರುಗಿಸಿದರೆ ತೂಕ ಒಂದು ಬದಿಗೆ ಎಳೆದು ಎಂಜಿನ್ ಗಡಗಡ ನಡುಗುತ್ತದೆ. ಕಂಪನ ಹಿಗ್ಗುವ ವೇಗವೊಂದನ್ನು ದಾಟುವಾಗ ಬ್ಲೇಡಿನ ತುದಿಗಳು ಸುತ್ತಲಿನ ಕವಚದ ಮೆತ್ತನೆಯ ಪದರವನ್ನು ಉಜ್ಜಿ ತೆಗೆಯುತ್ತವೆ. ಹಾಗೆ ಸವೆದ ಅಂತರ ಮತ್ತೆ ತುಂಬುವುದಿಲ್ಲ. ಆ ಎಂಜಿನ್ ಮುಂದೆ ಪ್ರತಿ ಹಾರಾಟದಲ್ಲೂ ಒಂದಿಷ್ಟು ಹೆಚ್ಚು ಇಂಧನ ಕುಡಿಯುತ್ತದೆ. ಅಧಿಕ ಒತ್ತಡದ ಟರ್ಬೈನ್‌ನಲ್ಲಿ ತುದಿಯ ಅಂತರ ಕಾಲು ಮಿಲಿಮೀಟರ್ ಹೆಚ್ಚಿದರೆ ಇಂಧನ ಸುಮಾರು ಶೇ 1, ಇಜಿಟಿ ಸುಮಾರು 10 ಡಿಗ್ರಿ ಏರುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪುವ ಲೆಕ್ಕ.

ಡೊಂಕು ನೆಟ್ಟಗೆ ಮಾಡುವ ಉಪಾಯ ಸರಳ. ಇಂಧನ ಬಿಡುವ ಮುನ್ನ ಸ್ಟಾರ್ಟರಿನಿಂದ ರೋಟರನ್ನು ನಿಧಾನ ವೇಗದಲ್ಲಿ ತಿರುಗಿಸುತ್ತ ಒಳಗೆ ಗಾಳಿ ಹಾಯಿಸುವುದು. ಮೇಲು ಕೆಳಗಿನ ಭೇದ ಅಳಿದು ಎಲ್ಲ ಕಡೆ ಒಂದೇ ಬಿಸಿಗೆ ಬರುತ್ತದೆ. ಹೊಸ ವಿಮಾನದಲ್ಲಿ ನೀವು ಕಾಯುವ ಹೆಚ್ಚುವರಿ ಹೊತ್ತು ಇದೇ.

ಈ ತೊಂದರೆ ಹೊಸದಲ್ಲ. ಕಾಂಕಾರ್ಡ್‌ನ ಒಲಿಂಪಸ್ ಎಂಜಿನ್‌ಗಳಿಗೂ ಇತ್ತು. ಶುರುವಾದ ಮೇಲೆ ಐಡಲ್‌ಗಿಂತ ಕೆಳಗಿನ ವೇಗದಲ್ಲಿ ಸುಮಾರು ಒಂದು ನಿಮಿಷ ಹಿಡಿದಿಡಲು ಅದರಲ್ಲಿ ‘ಡಿಬೋ’ ಎಂಬ ಸ್ವಿಚ್ಚೇ ಇತ್ತು, ಅಂದರೆ ಡೊಂಕು ತೆಗೆಯುವ ಸ್ವಿಚ್. ಇಂದಿನ ಎಂಜಿನ್‌ಗಳಲ್ಲಿ ಅದು ಮತ್ತೆ ದೊಡ್ಡದಾಗಲು ಕಾರಣ ಇಂಧನ ಉಳಿಸುವ ವಿನ್ಯಾಸ. ಸಿಎಫ್‌ಎಂ56ರ ಒಳಕಂಪ್ರೆಸರ್ 9 ಹಂತಗಳಲ್ಲಿ ಗಾಳಿಯನ್ನು ಸುಮಾರು 11 ಪಟ್ಟು ಒತ್ತುತ್ತದೆ. ಅದರ ಉತ್ತರಾಧಿಕಾರಿ ಲೀಪ್ ಎಂಜಿನ್ 10 ಹಂತಗಳಲ್ಲಿ 22 ಪಟ್ಟು. ಒತ್ತಡ ಹೆಚ್ಚಿದಷ್ಟೂ ಕೊನೆಯ ಹಂತಗಳ ಬ್ಲೇಡು ಚಿಕ್ಕದಾಗುತ್ತ ಹೋಗುತ್ತದೆ, ಚಿಕ್ಕ ಬ್ಲೇಡಿನ ತುದಿಯಲ್ಲಿ ಕೂದಲೆಳೆಯಷ್ಟು ಸೋರಿಕೆಯೂ ದೊಡ್ಡ ನಷ್ಟ. ಆದ್ದರಿಂದ ಅಂತರವನ್ನು ಬಿಗಿಯಾಗಿ ಇಡಬೇಕು. ಬಿಗಿ ಇಟ್ಟಷ್ಟೂ ಡೊಂಕಿಗೆ ಸಹನೆ ಕಡಿಮೆ. ಹಳೆಯ ಎಂಜಿನ್ ಬೇಗ ಶುರುವಾಗುತ್ತದೆಂದರೆ ಅದರೊಳಗೆ ಸಡಿಲ ಜಾಗ ಹೆಚ್ಚಿದೆ ಎಂದರ್ಥ.

ಜನವರಿ 2016ರಲ್ಲಿ ಮೊದಲ ಎ320ನಿಯೋ ಲುಫ್ತಾನ್ಸಾದ ಕೈಸೇರಿತು. ಅದರಲ್ಲಿದ್ದದ್ದು ಪ್ರ್ಯಾಟ್ ಆ್ಯಂಡ್ ವಿಟ್ನಿಯ ಗೇರ್ ಇರುವ ಫ್ಯಾನಿನ ಪಿಡಬ್ಲ್ಯು1100ಜಿ. ಮೊದಲ ಗ್ರಾಹಕರಾಗಬೇಕಿದ್ದ ಕತಾರ್ ಏರ್‌ವೇಸ್ ಎಂಜಿನ್ ತೊಂದರೆಗಳನ್ನು ಮುಂದಿಟ್ಟು ವಿಮಾನ ಪಡೆಯಲು ಒಪ್ಪಲಿಲ್ಲ. ಆಗಿನ ಎಂಜಿನ್‌ಗಳ ಸ್ಟಾರ್ಟ್ ಸಮಯ 350 ಸೆಕೆಂಡಿನ ಹತ್ತಿರ ಎಂದು, ಅದನ್ನು ಹಂತಹಂತವಾಗಿ 150ರ ಆಸುಪಾಸಿಗೆ ಇಳಿಸುವುದು ಗುರಿ ಎಂದು ತಯಾರಕರೇ ಹೇಳಿದರು. ಅದೇ ವರ್ಷ ಮಾರ್ಚ್‌ನಲ್ಲಿ ಇಂಡಿಗೋ ಇದೇ ಎಂಜಿನ್‌ನ ನಿಯೋಗಳನ್ನು ಪಡೆಯತೊಡಗಿತು. ನಮ್ಮ ದೇಶದ ಪ್ರಯಾಣಿಕರಿಗೆ ಈ ತಡದ ಪರಿಚಯವಾದದ್ದು ಆಗ. ರೋಟರಿನ 3 ಮತ್ತು 4ನೇ ಬೇರಿಂಗುಗಳಿಗೆ ಕಂಪನ ಹೀರುವ ಡ್ಯಾಂಪರ್ ಸೇರಿಸಿ, ಕಂಪ್ಯೂಟರಿನ ಲೆಕ್ಕವನ್ನು ತಿದ್ದಿ ಸಮಯ ಇಳಿಸಿದರು. ಎರಡೂ ಎಂಜಿನ್‌ಗಳನ್ನು ಒಟ್ಟಿಗೇ ತಿರುಗಿಸಿ ತಂಪು ಮಾಡುವ ವ್ಯವಸ್ಥೆಯೂ ಆಮೇಲೆ ಬಂತು. ತಂಪು ಮಾಡುವಷ್ಟು ನಿಧಾನವಾಗಿ ತಿರುಗಿಸಲು ಎಪಿಯು ಗಾಳಿ ಎರಡಕ್ಕೂ ಸಾಲುತ್ತದೆ. ಲೀಪ್‌ನಲ್ಲೂ ಇದೇ ಕೆಲಸ ನಡೆಯುತ್ತದೆ. 737 ಮ್ಯಾಕ್ಸ್‌ನ ಪರದೆಯಲ್ಲಿ ಎನ್2 ಜಾಗದಲ್ಲಿ ‘ಮೋಟರಿಂಗ್’ ಎಂಬ ಪದ ಕೆಲವೇ ಸೆಕೆಂಡಿನಿಂದ ಒಂದೂವರೆ ನಿಮಿಷದವರೆಗೆ ನಿಲ್ಲುತ್ತದೆ. ಎಂಜಿನ್ ಎಷ್ಟು ಬಿಸಿಯಿದೆ, ಆರಿಸಿ ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಆ ಅವಧಿ.

ಒಂದೇ ಮಾದರಿಯ ವಿಮಾನ ಒಮ್ಮೆ ಬೇಗ, ಒಮ್ಮೆ ತಡ ಏಕೆಂಬ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಡೊಂಕು ಅತಿ ಹೆಚ್ಚಿರುವುದು ಎಂಜಿನ್ ಆರಿಸಿದ ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ. ದೆಹಲಿಯಿಂದ ಬಂದ ವಿಮಾನ ಮುಕ್ಕಾಲು ಗಂಟೆ ನಿಂತು ಮರಳಿ ಹೊರಡುವಾಗ ಸರಿಯಾಗಿ ಆ ಅವಧಿಯಲ್ಲೇ ಸಿಕ್ಕಿಬೀಳುತ್ತದೆ. ರಾತ್ರಿಯೆಲ್ಲ ನಿಂತು ಪೂರ್ತಿ ಆರಿದ ವಿಮಾನ ಬೆಳಗಿನ ಮೊದಲ ಹಾರಾಟಕ್ಕೆ ಬೇಗ ಶುರುವಾಗುತ್ತದೆ. ತಣ್ಣಗಿರುವ ಎಂಜಿನ್‌ಗೇ ಹೆಚ್ಚು ಹೊತ್ತು ಬೇಕು ಎಂದು ನಾವು ಎಣಿಸುತ್ತೇವೆ. ಶುರುಮಾಡುವ ಮಟ್ಟಿಗೆ ಸತ್ಯ ತಿರುವುಮುರುವು.

ಬೋಯಿಂಗ್ 787 ಈ ಗಾಳಿಯ ಸಹವಾಸವನ್ನೇ ಬಿಟ್ಟಿದೆ. ಅದರ ಪ್ರತಿ ಎಂಜಿನ್ ಮೇಲೆ 250 ಕೆವಿಎಯ ಎರಡು ಜನರೇಟರ್‌ಗಳಿವೆ. ಶುರುಮಾಡುವಾಗ ಅವೇ ಮೋಟಾರುಗಳಾಗಿ ಎಂಜಿನ್ ತಿರುಗಿಸಿ, ಓಡತೊಡಗಿದ ಮೇಲೆ ವಿದ್ಯುತ್ ಕೊಡುತ್ತವೆ. ಎಪಿಯುನಲ್ಲೂ 225 ಕೆವಿಎಯ ಎರಡು ಜನರೇಟರ್‌ಗಳು.

ಇನ್ನು ಎಂಜಿನ್ ಕಾಯಿಸುವ ಮಾತು. ಹಳೆಯ ಪಿಸ್ಟನ್ ವಿಮಾನಗಳಲ್ಲಿ ಆಯಿಲ್ ಬಿಸಿಯಾಗಿ ತೆಳುವಾಗುವವರೆಗೆ ನಿಲ್ಲಲೇಬೇಕಿತ್ತು. ಜೆಟ್ ಎಂಜಿನ್‌ನ ಸಿಂಥೆಟಿಕ್ ಆಯಿಲ್ ಅದಕ್ಕಿಂತ ಬಹಳ ತೆಳು, ಬೇರಿಂಗುಗಳು ಗುಂಡು ಮತ್ತು ರೋಲರಿನವು. ಸಿಎಫ್‌ಎಂ56-5ಬಿ ಮೈನಸ್ 40 ಡಿಗ್ರಿ ಆಯಿಲ್‌ನಲ್ಲೂ ಶುರುವಾಗಬಲ್ಲದು, ಟೇಕಾಫ್‌ಗೆ ಮೈನಸ್ 10 ದಾಟಿದ್ದರೆ ಸಾಕು. ಬೆಂಗಳೂರಿನ ಚಳಿ ಅದಕ್ಕೆ ಲೆಕ್ಕವೇ ಅಲ್ಲ. ಇದಕ್ಕೆ ಹೊರತಾದ ಎಂಜಿನ್‌ಗಳೂ ಇವೆ. ಹಳೆಯ ಎ320ಗಳಲ್ಲೇ ಇರುವ ವಿ2500 ಎಂಜಿನ್‌ಗೆ ಟೇಕಾಫ್ ಮುನ್ನ ಆಯಿಲ್ 50 ಡಿಗ್ರಿ ಮುಟ್ಟಿರಲೇಬೇಕು. ಉತ್ತರದ ಚಳಿಗಾಲದ ಬೆಳಗ್ಗೆ ರನ್‌ವೇ ಹತ್ತಿರದಲ್ಲೇ ಇದ್ದರೆ ಈ ವಿಮಾನಗಳು ತುದಿಗೆ ಹೋಗಿ ನಿಂತು ಕಾಯಬೇಕಾಗಬಹುದು.

ನಿಜವಾಗಿ ಕಾಯಬೇಕಾದದ್ದು ಲೋಹ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಕಾದ ಬಳೆ ಹಿಗ್ಗುತ್ತದೆ, ಆರಿದಾಗ ಬಿಗಿಯುತ್ತದೆ. ಎಂಜಿನ್‌ನ ಕವಚ ತೆಳುವಾದ ಬಳೆ, ಬೇಗ ಕಾದು ಬೇಗ ಹಿಗ್ಗುತ್ತದೆ. ಬ್ಲೇಡುಗಳೂ ಬೇಗ ಕಾಯುತ್ತವೆ. ಆದರೆ ಬ್ಲೇಡುಗಳನ್ನು ಹಿಡಿದಿರುವ ಡಿಸ್ಕ್ ದಪ್ಪ ಲೋಹದ ಗಟ್ಟಿ, ಅದರ ಹೊಟ್ಟೆಗೆ ಬಿಸಿ ಇಳಿಯಲು ನಿಮಿಷಗಳೇ ಬೇಕು. ತಣ್ಣನೆಯ ಎಂಜಿನ್‌ಗೆ ಒಮ್ಮೆಲೇ ಟೇಕಾಫ್ ಬಲ ಕೊಟ್ಟರೆ ಸುತ್ತುವ ವೇಗಕ್ಕೆ ಬ್ಲೇಡು ಮೊದಲ ಕ್ಷಣದಲ್ಲೇ ಹೊರಕ್ಕೆ ಎಳೆದುಕೊಂಡು ತುದಿ ತಾಗುವಷ್ಟು ಹತ್ತಿರವಾಗುತ್ತದೆ. ಆಮೇಲೆ ಕವಚ ಹಿಗ್ಗಿ ಡಿಸ್ಕ್ ಹಿಂದೆಬಿದ್ದು ಅಂತರ ಅಗಲವಾಗುತ್ತದೆ. ಅಗಲ ಅಂತರದಲ್ಲಿ ಅನಿಲ ಸೋರಿ, ಬೇಕಾದ ಬಲಕ್ಕೆ ಹೆಚ್ಚು ಇಂಧನ ಸುಡಬೇಕಾಗಿ ಇಜಿಟಿ ಜಿಗಿಯುತ್ತದೆ. ಅದರ ಜೊತೆಗೆ ಡಿಸ್ಕಿನ ಹೊರಅಂಚು ಕಾದು ಒಳಗು ತಣ್ಣಗಿರುವುದರಿಂದ ಲೋಹದೊಳಗೆ ಎಳೆತ ಹುಟ್ಟುತ್ತದೆ. ಇಂಥ ಎಳೆತ ಸಾವಿರಾರು ಸಲ ಮರುಕಳಿಸಿದರೆ ಡಿಸ್ಕಿನ ಆಯುಸ್ಸು ಕರಗುತ್ತದೆ.

ಅದಕ್ಕೇ ಐಡಲ್‌ನಲ್ಲಿ ಅಥವಾ ಅದರ ಹತ್ತಿರದಲ್ಲಿ ಸಿಎಫ್‌ಎಂ56ಕ್ಕೆ ಕನಿಷ್ಠ 2 ನಿಮಿಷ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಆರಿದ್ದ ವಿ2500ಕ್ಕೆ 5 ನಿಮಿಷ. ಬೆಂಗಳೂರು, ದೆಹಲಿಯಂಥ ಕಡೆ ಗೇಟಿನಿಂದ ರನ್‌ವೇ ತುದಿಗೆ ಹೋಗುವಷ್ಟರಲ್ಲಿ ಇದು ಕಳೆದೇ ಹೋಗಿರುತ್ತದೆ. ಇದನ್ನು ಎಣಿಸಬೇಕಾಗುವುದು ಒಂದೇ ಎಂಜಿನ್‌ನಲ್ಲಿ ಟ್ಯಾಕ್ಸಿ ಮಾಡುವಾಗ, ಅಂದರೆ ರನ್‌ವೇ ಕಡೆಗೆ ಉರುಳುವಾಗ. ಐಡಲ್‌ನಲ್ಲಿ ಒಂದು ಎಂಜಿನ್ ನಿಮಿಷಕ್ಕೆ ಸುಮಾರು 4.6 ಕಿಲೋ ಇಂಧನ ಸುಡುತ್ತದೆ. ಉದ್ದದ ಸಾಲಿನಲ್ಲಿ ಎರಡನೆಯದನ್ನು 15 ನಿಮಿಷ ಶುರುಮಾಡದೆ ಬಿಟ್ಟರೆ ಸುಮಾರು 70 ಕಿಲೋ ಉಳಿಸಬಹುದು. ಆದರೆ ಅದು ಶುರುವಾಗುವ ಹೊತ್ತು, ಕಾಯುವ ಹೊತ್ತು ಎರಡನ್ನೂ ಹಿಂದಕ್ಕೆ ಎಣಿಸಿಕೊಂಡು, ಸರದಿ ಬರುವ ಐದಾರು ನಿಮಿಷ ಮುಂಚೆಯೇ ಎಬ್ಬಿಸಬೇಕು. ಡೊಂಕು ತೆಗೆಯಬೇಕಾದ ಹೊಸ ಎಂಜಿನ್ ಆದರೆ ಇನ್ನೂ ಮುಂಚೆ. ಸಾಲು ಚಿಕ್ಕದಿದ್ದರೆ ಈ ಉಳಿತಾಯಕ್ಕೆ ಕೈಹಾಕದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ರನ್‌ವೇ ಬಾಯಿಯಲ್ಲಿ ಎಂಜಿನ್ ಕಾಯಲೆಂದು ನಿಂತರೆ ಹಿಂದಿನ ಹತ್ತು ವಿಮಾನಗಳ ಇಂಧನವೂ ವ್ಯರ್ಥ.

ಮುಂದಿನ ಸಲ ಸೀಟಿನಲ್ಲಿ ಕುಳಿತು ಇದನ್ನೆಲ್ಲ ಗುರುತಿಸಬಹುದು. ಗಾಳಿಕಿಂಡಿ ಸುಮ್ಮನಾದಾಗ ಗಡಿಯಾರ ನೋಡಿ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಏರುವ ಗುಂಯ್ಗುಟ್ಟುವ ದನಿ ಸ್ಟಾರ್ಟರ್ ಎಳೆಯುತ್ತಿರುವುದು. ಹೊಸ ಎಂಜಿನ್‌ನಲ್ಲಿ ಅದು ಏರದೆ ಒಂದೇ ಶ್ರುತಿಯಲ್ಲಿ ನಿಂತರೆ ಡೊಂಕು ತೆಗೆಯುತ್ತಿದ್ದಾರೆ. ದೀಪಗಳು ಒಮ್ಮೆ ಮಿಣುಕಿದರೆ ವಿದ್ಯುತ್ ಎಪಿಯುನಿಂದ ಎಂಜಿನ್‌ಗೆ ಬದಲಾಯಿತು. ಎ320ರಲ್ಲಿ ಎರಡನೆಯದಾಗಿ ಎಬ್ಬಿಸುವ ಎಂಜಿನ್ ಶುರುವಾಗುವಾಗ ನೆಲದಡಿ ನಾಯಿ ಬೊಗಳಿದಂಥ ಸದ್ದು ಬರುತ್ತದೆ. ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ನಡುವೆ ಒತ್ತಡ ಹಂಚುವ ಪಂಪು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸದ್ದು ಅದು, ಏನೂ ಕೆಟ್ಟಿಲ್ಲ. ಕಿಂಡಿಯ ಗಾಳಿ ಮರಳಿದರೆ ಸ್ಟಾರ್ಟ್ ಮುಗಿಯಿತು. ಬೆಳಗಿನ ಮೊದಲ ಹಾರಾಟಕ್ಕೂ ಮಧ್ಯಾಹ್ನದ್ದಕ್ಕೂ ಈ ಸಮಯ ಬರೆದಿಟ್ಟು ಹೋಲಿಸಿದರೆ ವ್ಯತ್ಯಾಸ ನಿಮಗೇ ಕಾಣುತ್ತದೆ.

ಇಳಿದ ಮೇಲೂ ಇದರ ಇನ್ನೊಂದು ಮುಖ ಇದೆ. ರನ್‌ವೇಯಲ್ಲಿ ವೇಗ ತಗ್ಗಿಸಲು ರಿವರ್ಸ್ ಬಲ ಬಳಸಿದ ಎಂಜಿನ್ ಆರಿಸುವ ಮುನ್ನ 3 ನಿಮಿಷ ಐಡಲ್‌ನಲ್ಲಿ ಓಡಬೇಕು. ತಕ್ಷಣ ಆರಿಸಿದರೆ ಡಿಸ್ಕಿನ ಬಿಸಿ ಬೇರಿಂಗ್ ಗೂಡಿಗೆ ಇಳಿದು, ಹರಿಯದೆ ನಿಂತ ಆಯಿಲ್ ಸೀದು ಕರಿ ಹಿಡಿಯುತ್ತದೆ. ರೋಟರಿನ ಡೊಂಕೂ ಹೆಚ್ಚುತ್ತದೆ. ಗೇಟು ಹತ್ತಿರವಿದ್ದು ಬೇಗ ತಲುಪಿದಾಗ, ವಿಮಾನ ನಿಂತ ಮೇಲೂ ಎಂಜಿನ್ ಸದ್ದು ಸ್ವಲ್ಪ ಹೊತ್ತು ಮುಂದುವರಿದು ಬೆಲ್ಟ್ ದೀಪ ಆರದೇ ಉಳಿದರೆ, ಕಾಕ್‌ಪಿಟ್‌ನಲ್ಲಿ ಆ ಮೂರು ನಿಮಿಷದ ಉಳಿದ ಸೆಕೆಂಡುಗಳನ್ನು ಎಣಿಸುತ್ತಿರಬಹುದು.